ಕುಡಿತಕ್ಕೆ ಎರಡು ವರ್ಷ ರಜೆ ಕೊಟ್ಟ ಹಿಂದೂಪುರದ ಶಾಸಕ

ಹಿಂದೂಪುರ: ಒಂದು ಕಾಲದಲ್ಲಿ ಇಡೀ ಆಂಧ್ರಪ್ರದೇಶವೇ ಕುಡಿಯುವುದನ್ನು ಬಿಟ್ಟಿತ್ತು! ಮನಸಾರೆ ಬಿಟ್ಟವರು ಎಷ್ಟು ಮಂದಿ, ಗತಿಯಿಲ್ಲದೆ ಬಿಟ್ಟವರು ಎಷ್ಟು ಮಂದಿ ಎಂಬುದು ಬೇರೆ ಮಾತು. 1995ರ ಜನವರಿ 16ರಂದು ಬ್ರಾಂದಿ ಅಂಗಡಿಗಳಿಗೆ ಬಿದ್ದ ಬೀಗ ಮತ್ತೆ ತೆಗೆದದ್ದು 1997ರ ಏಪ್ರಿಲ್‌ನಲ್ಲಿ. ಎರಡು ವರ್ಷ, ಮೇಲೆ ಎರಡೂವರೆ ತಿಂಗಳು. ಆ ಬೀಗ ಹಾಕಿಸಿದ ಮನುಷ್ಯ ಆಗ ಮುಖ್ಯಮಂತ್ರಿ, ಜೊತೆಗೆ ಹಿಂದೂಪುರದ ಶಾಸಕ. ಹೆಸರು ನಂದಮೂರಿ ತಾರಕ ರಾಮರಾವ್. ಗಡಿಯ ಈಚೆ ಅನ್ನಗಾರು, ಆಚೆ ಎನ್‌ಟಿಆರ್.

ಅವರು ತೀರಿಕೊಂಡು ಮೂರು ದಶಕಗಳಾದವು. ಕೃಷ್ಣನ ವೇಷದ ಎನ್‌ಟಿಆರ್ ಎಲ್ಲರಿಗೂ ನೆನಪಿದ್ದಾರೆ. ಎರಡು ರೂಪಾಯಿ ಅಕ್ಕಿಯ ಎನ್‌ಟಿಆರ್ ಹಿರಿಯರಿಗೆ ನೆನಪಿದ್ದಾರೆ. ಸಾರಾಯಿ ಪ್ಯಾಕೆಟ್ಟು ಹಳ್ಳಿಹಳ್ಳಿಗೆ ಹೋಗಿದ್ದು ಅವರದೇ ಆಡಳಿತದಲ್ಲಿ, ಹತ್ತು ವರ್ಷದ ನಂತರ ಮದ್ಯವನ್ನೇ ಮುಚ್ಚಿಸಿದ್ದೂ ಅವರೇ ಎಂಬ ಕಥೆ ಮಾತ್ರ ಅರ್ಧಂಬರ್ಧ ಮರೆತುಹೋಗಿದೆ. ಹಿಂದೂಪುರದಿಂದ ಕಲ್ಯಾಣದುರ್ಗದ ತನಕ, ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳದ ಕನ್ನಡ ಹಳ್ಳಿಗಳೂ ಸೇರಿ, ಗಡಿಗುಂಟ ಇರುವ ಜನರಿಗೆ ಆ ಕಥೆ ಇನ್ನೂ ಸ್ವಲ್ಪ ಹತ್ತಿರದ್ದು. ಏಕೆಂದರೆ ಅವರ ಊರುಗಳಲ್ಲಿ ಒಂದು ಕಾಲು ನಿಷೇಧದಲ್ಲಿತ್ತು, ಇನ್ನೊಂದು ಕಾಲು ಕರ್ನಾಟಕದಲ್ಲಿತ್ತು.

ಹಾಲು ಮಾರಿದ ಹುಡುಗ

ರಾಮರಾವ್ ಹುಟ್ಟಿದ್ದು 1923ರ ಮೇ 28ರಂದು, ಕೃಷ್ಣಾ ಜಿಲ್ಲೆಯ ಗುಡಿವಾಡದ ಬಳಿಯ ನಿಮ್ಮಕೂರು ಎಂಬ ಹಳ್ಳಿಯಲ್ಲಿ. ರೈತರ ಮನೆ. ತಂದೆ ಲಕ್ಷ್ಮಯ್ಯ ಚೌಧರಿ, ತಾಯಿ ವೆಂಕಟ ರಾಮಮ್ಮ. ಮಕ್ಕಳಿಲ್ಲದ ದೊಡ್ಡಪ್ಪನ ಮನೆಗೆ ದತ್ತು ಹೋದರು. ಓದಿಗಾಗಿ ವಿಜಯವಾಡಕ್ಕೆ ಬಂದಾಗ ಮನೆಯ ಸ್ಥಿತಿ ಅಷ್ಟಕ್ಕಷ್ಟೇ. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಟೆಲುಗಳಿಗೆ ಹಾಲು ಹಾಕಿ ಕಾಲೇಜಿಗೆ ಹೋಗುತ್ತಿದ್ದರು. ಅಲ್ಲಿ ತೆಲುಗು ಕಲಿಸಿದ್ದು ಮುಂದೆ ಜ್ಞಾನಪೀಠ ಪಡೆದ ವಿಶ್ವನಾಥ ಸತ್ಯನಾರಾಯಣ ಅವರು. ಓದುತ್ತಿರುವಾಗಲೇ ಸೋದರಮಾವನ ಮಗಳು ಬಸವತಾರಕಂ ಜೊತೆ ಮದುವೆಯಾಯಿತು.

ಬಿ.ಎ. ಮುಗಿದ ಮೇಲೆ 1947ರಲ್ಲಿ ಮದ್ರಾಸ್ ಸರ್ಕಾರದ ನೌಕರಿ ಸಿಕ್ಕಿತು. ಸಬ್ ರಿಜಿಸ್ಟ್ರಾರ್ ಹುದ್ದೆ. ಅಂದಿನ ದಿನಕ್ಕೆ ಅದು ಸಣ್ಣ ಕೆಲಸವಲ್ಲ, ಊರಿಗೆ ಊರೇ ಕೈಮುಗಿಯುವ ಕುರ್ಚಿ. ಆದರೆ ಮೂರೇ ವಾರಕ್ಕೆ ಕುರ್ಚಿ ಬಿಟ್ಟು ಸಿನಿಮಾಕ್ಕೆ ನಡೆದರು. 1949ರ ಮನ ದೇಶಂ ಚಿತ್ರದಲ್ಲಿ ಪೊಲೀಸ್ ಪಾತ್ರ. 1951ರಲ್ಲಿ ಪಾತಾಳ ಭೈರವಿ, 1957ರಲ್ಲಿ ಮಾಯಾಬಜಾರ್. ಅಲ್ಲಿಂದ ಮುಂದೆ ತೆಲುಗರಿಗೆ ಕೃಷ್ಣ ಅಂದರೆ ಅವರೇ, ರಾಮ ಅಂದರೆ ಅವರೇ. ದುರ್ಯೋಧನ, ರಾವಣ ಅಂದರೂ ಅವರೇ! ಸುಮಾರು 300 ಚಿತ್ರಗಳಲ್ಲಿ ನಟಿಸಿದರು. 1968ರಲ್ಲಿ ಪದ್ಮಶ್ರೀ ಬಂತು.

ಗಡಿ ಸೀಮೆಯಲ್ಲಿ ರಾಜ್‌ಕುಮಾರ್ ಚಿತ್ರವೂ ಓಡುತ್ತಿತ್ತು, ರಾಮರಾವ್ ಚಿತ್ರವೂ ಓಡುತ್ತಿತ್ತು. ಟೆಂಟಿನಲ್ಲಿ ಕುಳಿತ ಜನಕ್ಕೆ ಭಾಷೆ ಅಡ್ಡ ಬರಲಿಲ್ಲ. ತೆಲುಗು ತೆರೆಯ ಪ್ರಸಿದ್ಧ ಕುಡುಕ ದೇವದಾಸನ ಪಾತ್ರ 1953ರಲ್ಲೇ ಅಕ್ಕಿನೇನಿ ನಾಗೇಶ್ವರರಾವ್ ಅವರ ಪಾಲಿಗೆ ಹೋಗಿತ್ತು. ರಾಮರಾವ್ ಪಾಲಿಗೆ ಬಂದದ್ದು ಹೆಚ್ಚಾಗಿ ದೇವರ ಪಾತ್ರಗಳು. 1957ರ ಪಾಂಡುರಂಗ ಮಹಾತ್ಮ್ಯಂ ಚಿತ್ರದಲ್ಲಿ ಮಾತ್ರ ಭೋಗದಲ್ಲಿ ಮುಳುಗಿ, ತಾಯಿತಂದೆಯನ್ನು ಮರೆತು, ಎಲ್ಲವನ್ನೂ ಕಳೆದುಕೊಂಡ ಮೇಲೆ ತಿದ್ದಿಕೊಳ್ಳುವ ಪುಂಡರೀಕನಾಗಿ ಕಾಣಿಸಿಕೊಂಡರು. ಜೀವನದಲ್ಲೂ ಅಂಥ ಒಂದು ತಿದ್ದುಪಡಿ ಅವರಿಗಾಗಿ ಕಾದಿತ್ತು. ಅದು ಅವರ ಸ್ವಂತ ನಡತೆಯದಲ್ಲ, ಅವರ ಸರ್ಕಾರದ ಖಾತೆಯದು.

ಹಿಂದೂಪುರಕ್ಕೆ ಬಂದ ದಾರಿ

1982ರ ಮಾರ್ಚ್ 29ರಂದು ಹೈದರಾಬಾದಿನಲ್ಲಿ ತೆಲುಗುದೇಶಂ ಪಕ್ಷ ಕಟ್ಟಿದರು. ಹಳೆಯ ಷೆವರ್ಲೆ ವಾಹನವನ್ನು ಮಾರ್ಪಡಿಸಿ ಚೈತನ್ಯ ರಥ ಎಂದು ಹೆಸರಿಟ್ಟು, ಅದರ ಮೇಲೆ ನಿಂತು ರಾಜ್ಯ ಸುತ್ತಿದರು. ರಸ್ತೆ ಬದಿಯಲ್ಲೇ ಊಟ, ರಸ್ತೆ ಬದಿಯಲ್ಲೇ ಸ್ನಾನ. ಒಂಬತ್ತು ತಿಂಗಳ ಕೂಸಿನಂಥ ಪಕ್ಷ, 1956ರಲ್ಲಿ ರಾಜ್ಯ ಹುಟ್ಟಿದಂದಿನಿಂದ ಆಳುತ್ತಿದ್ದ ಕಾಂಗ್ರೆಸ್ಸನ್ನು ಕೆಳಗಿಳಿಸಿತು. 1983ರ ಜನವರಿ 9ರಂದು ರಾಮರಾವ್ ಮುಖ್ಯಮಂತ್ರಿಯಾದರು.

ಅದೇ ವರ್ಷ ಬಡವರಿಗೆ ಕೆ.ಜಿ.ಗೆ ಎರಡು ರೂಪಾಯಿಯಂತೆ ಅಕ್ಕಿ ಬಂತು. ತಿರುಪತಿಯಲ್ಲಿ ಹೆಂಗಸರಿಗಾಗಿಯೇ ಪದ್ಮಾವತಿ ಮಹಿಳಾ ವಿಶ್ವವಿದ್ಯಾಲಯ ಬಂತು. ವಂಶಪಾರಂಪರ್ಯವಾಗಿ ಬಂದಿದ್ದ ಗ್ರಾಮಾಧಿಕಾರಿ, ಕರಣಂ ಹುದ್ದೆಗಳು ಹೋದವು. ದೊಡ್ಡ ತಾಲ್ಲೂಕುಗಳ ಜಾಗಕ್ಕೆ ಸಣ್ಣ ಮಂಡಲಗಳು ಬಂದವು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿ 1986ರಲ್ಲಿ ಕಾನೂನಾಯಿತು. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2005ರಲ್ಲಿ ಎಂಬುದನ್ನು ನೆನೆದರೆ, ಆಂಧ್ರದ ಹೆಂಗಸರು ಅನ್ನಗಾರು ಎಂದು ಏಕೆ ಕರೆಯುತ್ತಿದ್ದರು ಎಂಬುದು ತಿಳಿಯುತ್ತದೆ.

1984ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋಗಿ ಬರುವಷ್ಟರಲ್ಲಿ ಸರ್ಕಾರ ಅಲುಗಾಡಿತ್ತು. ಆಗಸ್ಟ್‌ನಲ್ಲಿ ರಾಜ್ಯಪಾಲ ರಾಮ್‌ಲಾಲ್ ಅವರನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಗದ್ದುಗೆಗೆ ಕೂರಿಸಿದರು. ಆಗ ರಾಮರಾವ್ ಕಡೆಯ ಶಾಸಕರಿಗೆ ಆಸರೆ ಕೊಟ್ಟದ್ದು ರಾಮಕೃಷ್ಣ ಹೆಗಡೆಯವರ ಕರ್ನಾಟಕ. ಹಿಂದೂಪುರದವರಿಗೆ ಕೂಗಳತೆಯಷ್ಟೇ ದೂರದ ನಂದಿಬೆಟ್ಟ ಆಂಧ್ರ ರಾಜಕೀಯದ ಸುದ್ದಿಗೆ ಬಂತು. ತಿಂಗಳ ಹೋರಾಟದ ನಂತರ ಸೆಪ್ಟೆಂಬರ್ 16ರಂದು ರಾಮರಾವ್ ಮತ್ತೆ ಮುಖ್ಯಮಂತ್ರಿ.

1985ರ ಮಾರ್ಚ್ ಚುನಾವಣೆಯಲ್ಲಿ ಅವರು ಮೂರು ಕಡೆ ನಿಂತರು. ಕರಾವಳಿಯ ಗುಡಿವಾಡ, ತೆಲಂಗಾಣದ ನಲ್ಗೊಂಡ, ರಾಯಲಸೀಮೆಯ ಹಿಂದೂಪುರ. ಮೂರರಲ್ಲೂ ಗೆದ್ದು, ಹುಟ್ಟೂರಿನ ಗುಡಿವಾಡವನ್ನು ಬಿಟ್ಟು ಹಿಂದೂಪುರವನ್ನು ಉಳಿಸಿಕೊಂಡರು. 1989ರಲ್ಲಿ ಪಕ್ಷ ಸೋತು, ಕಲ್ವಕುರ್ತಿಯಲ್ಲಿ ತಾವೇ ಸೋತಾಗಲೂ ಹಿಂದೂಪುರ ಕೈಬಿಡಲಿಲ್ಲ. 1994ರಲ್ಲಿ ತೆಕ್ಕಲಿಯಲ್ಲೂ ಗೆದ್ದರು, ಉಳಿಸಿಕೊಂಡದ್ದು ಹಿಂದೂಪುರವನ್ನೇ. ಹಾಗಾಗಿ 1985ರಿಂದ ಸಾಯುವ ತನಕ ಅವರು ಹಿಂದೂಪುರದ ಶಾಸಕ.

ಒಂದು ಕೈಲಿ ಅಕ್ಕಿ, ಇನ್ನೊಂದು ಕೈಲಿ ಪ್ಯಾಕೆಟ್

ಎರಡು ರೂಪಾಯಿ ಅಕ್ಕಿ ಕೊಡಲು ಹಣ ಬೇಕಲ್ಲ? ಸರ್ಕಾರದ ಬೊಕ್ಕಸಕ್ಕೆ ಸುಲಭವಾಗಿ ಹಣ ತರುವ ಬಾಗಿಲು ಅಬಕಾರಿ. ಎಂಬತ್ತರ ದಶಕದಲ್ಲಿ, ರಾಮರಾವ್ ಅವರ ಆಡಳಿತದಲ್ಲೇ, ವಾರುಣಿ ವಾಹಿನಿ ಎಂಬ ಯೋಜನೆ ಬಂತು. ವಾರುಣಿ ಅಂದರೆ ಮದ್ಯ, ವಾಹಿನಿ ಅಂದರೆ ಹೊಳೆ. ಹೆಸರಿಗೆ ತಕ್ಕ ಹಾಗೆಯೇ ಆಯಿತು. ಅಲ್ಲಿಯವರೆಗೆ ಪೀಪಾಯಿ, ಸೀಸೆಗಳಲ್ಲಿ ಬರುತ್ತಿದ್ದ ಸಾರಾಯಿ ಈಗ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂತು. ಕಲಬೆರಕೆ ತಪ್ಪಿಸುವುದು ಸರ್ಕಾರ ಕೊಟ್ಟ ಕಾರಣ. ಆದರೆ ಪ್ಯಾಕೆಟ್ಟು ಜೇಬಿನಲ್ಲಿ ಹಿಡಿಸುತ್ತದೆ, ಸೈಕಲ್ ಚೀಲದಲ್ಲಿ ಹೋಗುತ್ತದೆ, ಹೊಲದ ಬದುವಿಗೂ ಮನೆಯ ಬಾಗಿಲಿಗೂ ತಲುಪುತ್ತದೆ. ಅಂಗಡಿ ಇಲ್ಲದ ಹಳ್ಳಿಗೂ ಸಾರಾಯಿ ನಡೆದುಬಂತು.

ಇದರ ಲೆಕ್ಕ ಸರಳ. ಅಂಗಡಿಗಳನ್ನು ಸರ್ಕಾರ ಹರಾಜು ಹಾಕುತ್ತದೆ. ಹೆಚ್ಚು ಕೂಗಿದ ಕಂಟ್ರಾಕ್ಟರ್ ಹಿಡಿಯುತ್ತಾನೆ. ಕೂಗಿದ ಹಣ ವಾಪಸು ಬರಬೇಕಾದರೆ ಹೆಚ್ಚು ಮಾರಬೇಕು. ಹೆಚ್ಚು ಮಾರಬೇಕಾದರೆ ಸಾಲ ಕೊಡಬೇಕು, ಮನೆಗೇ ಮುಟ್ಟಿಸಬೇಕು. ಮುಂದಿನ ವರ್ಷ ಹರಾಜು ಇನ್ನೂ ಮೇಲೆ. ಈ ಏಣಿಯ ಕೊನೆಯ ಮೆಟ್ಟಿಲಲ್ಲಿ ಇದ್ದದ್ದು ಕೂಲಿಯವನ ಸಂಜೆಯ ಬಟವಾಡೆ.

ಅನಂತಪುರದಂಥ ಜಿಲ್ಲೆಯಲ್ಲಿ ಇದರ ಪೆಟ್ಟು ಇನ್ನೂ ಜೋರು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಇದೊಂದು. ಕಲ್ಯಾಣದುರ್ಗದ ಕಡೆಯ ಕೆಂಪು ನೆಲದಲ್ಲಿ ನಂಬಿಕೆ ಎಲ್ಲ ಕಡಲೆಕಾಯಿಯ ಮೇಲೆ, ಕಡಲೆಕಾಯಿಯ ನಂಬಿಕೆ ಎಲ್ಲ ಮಳೆಯ ಮೇಲೆ. ವರ್ಷದಲ್ಲಿ ಕೆಲವೇ ತಿಂಗಳು ಕೂಲಿ. ಆ ಕೂಲಿಯಲ್ಲಿ ಪ್ಯಾಕೆಟ್ಟಿನ ಪಾಲು ಹೋದರೆ, ಎರಡು ರೂಪಾಯಿ ಅಕ್ಕಿ ಅಂಗಡಿಯಲ್ಲೇ ಉಳಿಯುತ್ತದೆ. ಸರ್ಕಾರ ಬೆಳಿಗ್ಗೆ ರೇಷನ್ ಅಂಗಡಿಯಲ್ಲಿ ಕೊಟ್ಟದ್ದನ್ನು ಸಂಜೆ ಸಾರಾಯಿ ಅಂಗಡಿಯಲ್ಲಿ ವಸೂಲಿ ಮಾಡುತ್ತದೆ ಎಂದು ಹೆಂಗಸರು ಆಡಿಕೊಂಡರು. ಆ ಮಾತಿಗೆ ಯಾವ ಮಂತ್ರಿಯ ಬಳಿಯೂ ಉತ್ತರವಿರಲಿಲ್ಲ.

1989ರಲ್ಲಿ ಸರ್ಕಾರ ಬದಲಾಯಿತು. ಪ್ಯಾಕೆಟ್ಟು ಬದಲಾಗಲಿಲ್ಲ. ಕಾಂಗ್ರೆಸ್ ಸರ್ಕಾರವೂ ಅದೇ ಹೊಳೆಯ ನೀರನ್ನೇ ನೆಚ್ಚಿಕೊಂಡಿತು.

ದೂಬಗುಂಟದ ಅಕ್ಷರ

ಬದಲಾವಣೆ ಬಂದದ್ದು ಹೈದರಾಬಾದಿನಿಂದ ಅಲ್ಲ, ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಿಂದ. 1990ರಿಂದ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ರಾತ್ರಿ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಪಾಠದ ಪುಸ್ತಕದಲ್ಲಿ ಸೀತಮ್ಮನ ಕಥೆ ಎಂದು ಒಂದು ಪಾಠ. ಕುಡುಕ ಗಂಡನಿಂದ ಬದುಕು ಕಳೆದುಕೊಂಡ ಹೆಣ್ಣಿನ ಕಥೆ. ಅಕ್ಷರ ಕೂಡಿಸಿ ಓದುತ್ತಾ ಹೋದವರಿಗೆ ಅದು ಪಾಠವಾಗಿ ಕಾಣಲಿಲ್ಲ, ಪಕ್ಕದ ಮನೆಯಾಗಿ ಕಂಡಿತು. ವರ್ದಿನೇನಿ ರೋಸಮ್ಮ ಎಂಬ ಹಳ್ಳಿಯ ಹೆಣ್ಣುಮಗಳು ಮುಂದೆ ನಿಂತರು. ಊರ ಹೆಂಗಸರೆಲ್ಲ ಸೇರಿ ಸಾರಾಯಿ ಅಂಗಡಿ ಮುಚ್ಚಿಸಿದರು.

ಆ ಸುದ್ದಿಯೂ ಒಂದು ಪಾಠವಾಗಿ ಬೇರೆ ಹಳ್ಳಿಗಳಿಗೆ ಹೋಯಿತು. 1992ರಲ್ಲಿ ಕಿಚ್ಚು ಹಬ್ಬಿತು. ಹೆಂಗಸರು ಕೈಯಲ್ಲಿ ಪೊರಕೆ, ಮೆಣಸಿನಪುಡಿ ಹಿಡಿದು ಪ್ಯಾಕೆಟ್ ಬರುವ ಜೀಪುಗಳನ್ನು ತಡೆದರು. ಹರಾಜು ನಡೆಯುವ ಜಾಗಕ್ಕೆ ಹೋಗಿ ಅಡ್ಡ ಕುಳಿತರು. ನೆಲ್ಲೂರಿನಲ್ಲಿ ಹರಾಜನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಬೇಕಾಯಿತು. ಈನಾಡು ಪತ್ರಿಕೆ ದಿನವೂ ಈ ಸುದ್ದಿಯನ್ನು ದೊಡ್ಡದಾಗಿ ಬರೆಯಿತು. ಚಿತ್ತೂರು, ಕಡಪ, ಅನಂತಪುರ, ತೆಲಂಗಾಣದ ಜಿಲ್ಲೆಗಳು, ಎಲ್ಲ ಕಡೆಗೂ ಗಾಳಿ ಬೀಸಿತು.

ಕೋಟ್ಲ ವಿಜಯಭಾಸ್ಕರ ರೆಡ್ಡಿಯವರ ಸರ್ಕಾರ ಮೊದಲು ನೆಲ್ಲೂರು ಜಿಲ್ಲೆಯಲ್ಲಿ, ನಂತರ 1993ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಸಾರಾಯಿ ನಿಲ್ಲಿಸಿತು. ಆದರೆ ಬ್ರಾಂದಿ, ವಿಸ್ಕಿ ಅಂಗಡಿಗಳು ತೆರೆದೇ ಇದ್ದವು. ಹೆಂಗಸರ ಬೇಡಿಕೆ ಅರ್ಧ ಈಡೇರಿತ್ತು, ಇನ್ನರ್ಧ ಬಾಕಿ ಇತ್ತು.

ಆ ಬಾಕಿಯನ್ನು ಹಿಡಿದುಕೊಂಡವರು ವಿರೋಧ ಪಕ್ಷದ ನಾಯಕ ರಾಮರಾವ್. ತಮ್ಮ ಸರ್ಕಾರವೇ ಹರಿಸಿದ ಹೊಳೆಗೆ ತಾವೇ ಕಟ್ಟೆ ಹಾಕುತ್ತೇನೆಂದು ಹೊರಟರು. ಇದನ್ನು ಪಶ್ಚಾತ್ತಾಪ ಎಂದವರು ಇದ್ದರು, ಓಟಿನ ಲೆಕ್ಕ ಎಂದವರೂ ಇದ್ದರು. ಎರಡೂ ಇದ್ದಿರಬಹುದು. ಹೆಂಗಸರಿಗೆ ಆ ತರ್ಕ ಬೇಕಿರಲಿಲ್ಲ, ಅಂಗಡಿ ಮುಚ್ಚಿದರೆ ಸಾಕಿತ್ತು.

ವೇದಿಕೆಯ ಮೇಲೆ ಮೊದಲ ಸಹಿ

1994ರ ಡಿಸೆಂಬರ್ ಚುನಾವಣೆಯಲ್ಲಿ ರಾಮರಾವ್ ಮೂರು ಭರವಸೆ ಕೊಟ್ಟರು. ಮತ್ತೆ ಎರಡು ರೂಪಾಯಿ ಅಕ್ಕಿ, ರೈತರ ಪಂಪ್‌ಸೆಟ್ಟಿಗೆ ಒಂದು ಅಶ್ವಶಕ್ತಿಗೆ ವರ್ಷಕ್ಕೆ 50 ರೂಪಾಯಿ, ಸಂಪೂರ್ಣ ಮದ್ಯಪಾನ ನಿಷೇಧ. 294 ಸ್ಥಾನಗಳಲ್ಲಿ ತೆಲುಗುದೇಶಂ ಒಂದೇ 216 ಗೆದ್ದಿತು. ಕಾಂಗ್ರೆಸ್ 26ಕ್ಕೆ ಇಳಿಯಿತು. ಡಿಸೆಂಬರ್ 12ರಂದು ಹೈದರಾಬಾದಿನ ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ಪ್ರಮಾಣ ವಚನ. ಅದೇ ವೇದಿಕೆಯಲ್ಲಿ, ಜನರೆದುರಿಗೇ, ಮದ್ಯಪಾನ ನಿಷೇಧದ ಕಡತಕ್ಕೆ ಸಹಿ ಹಾಕಿದರು. ಅವರಿಗೆ ಆಗ 71 ವರ್ಷ.

1995ರ ಜನವರಿ 16ರಿಂದ ನಿಷೇಧ ಜಾರಿಯಾಯಿತು. ಆಂಧ್ರಕ್ಕೆ ಇದು ಮೊದಲ ಅನುಭವವೇನೂ ಅಲ್ಲ. ಅನಂತಪುರ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1937ರಲ್ಲಿ ರಾಜಾಜಿ ಸರ್ಕಾರ ಸೇಲಂನಿಂದ ನಿಷೇಧ ಶುರು ಮಾಡಿತ್ತು. 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಪ್ರತ್ಯೇಕ ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಸರ್ಕಾರ 1954ರಲ್ಲಿ ಉರುಳಿದ್ದೇ ಈ ನಿಷೇಧದ ಜಗಳದಲ್ಲಿ, ಅದೂ ಒಂದೇ ಮತದ ಅಂತರದಲ್ಲಿ! 1969ರಲ್ಲಿ ಆ ನಿಷೇಧ ತೆರವಾಯಿತು. ಅಂದರೆ ಹಿಂದೂಪುರ, ಕಲ್ಯಾಣದುರ್ಗದ ಅಜ್ಜಿಯರು ಒಮ್ಮೆ ನೋಡಿದ್ದನ್ನು ಮೊಮ್ಮಕ್ಕಳು ಮತ್ತೊಮ್ಮೆ ನೋಡಿದರು.

ಗಡಿಯ ಆಚೆ ಬಾಗಿಲು ತೆರೆದಿತ್ತು

ಮಧ್ಯ ಆಂಧ್ರದ ಹಳ್ಳಿಯಲ್ಲಿ ನಿಷೇಧ ಅಂದರೆ ನಿಷೇಧ. ಗಡಿಯಲ್ಲಿ ಹಾಗಲ್ಲ. ಹಿಂದೂಪುರದಲ್ಲಿ ಬಸ್ಸು ಹತ್ತಿದರೆ ಗೌರಿಬಿದನೂರು, ಕೊಡಿಕೊಂಡ ದಾಟಿದರೆ ಬಾಗೇಪಲ್ಲಿ. ಮಡಕಶಿರಾದ ಕಡೆಯಿಂದ ಮಧುಗಿರಿ, ಶಿರಾ. ಮೂರು ಕಡೆ ಆಂಧ್ರವನ್ನೇ ಹೊದ್ದುಕೊಂಡು ಮಲಗಿರುವ ಪಾವಗಡವಂತೂ ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆಯೇ ಇದೆ. ಕುಂದುರ್ಪಿ, ಶೆಟ್ಟೂರು ಕಡೆಯವರಿಗೆ ಕರ್ನಾಟಕ ಅಂದರೆ ಹೊಲದಾಚೆಯ ಹೊಲ. ಅಲ್ಲಿ ಸಾರಾಯಿಯೂ ಇತ್ತು, ಬ್ರಾಂದಿಯೂ ಇತ್ತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು.

ಹಾಗಾಗಿ ಮುಖ್ಯಮಂತ್ರಿಯ ಸ್ವಂತ ಕ್ಷೇತ್ರವೇ ನಿಷೇಧದ ಅತ್ಯಂತ ತೆಳುವಾದ ಗೋಡೆಯಾಯಿತು. ಕುಡಿಯಲೇಬೇಕೆಂದವನಿಗೆ ಬಸ್ ಚಾರ್ಜು ಒಂದೇ ಅಡ್ಡಿ. ಆದರೆ ಆ ಅಡ್ಡಿಯನ್ನೂ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಮನೆಯ ಬಾಗಿಲಿಗೆ ಬರುವ ಪ್ಯಾಕೆಟ್ಟು ಬೇರೆ, ಹತ್ತಾರು ಮೈಲಿ ಹೋಗಿ ಕುಡಿದು ಬರುವುದು ಬೇರೆ. ದಿನಗೂಲಿಯವನಿಗೆ ಅದು ದಿನವೂ ಆಗುವ ಮಾತಲ್ಲ. ಹಣ ಇದ್ದವನಿಗೆ ಮಾತ್ರ ಗಡಿ ಅಡ್ಡಿಯಾಗಲಿಲ್ಲ. ಅವನಿಗೆ ಬೇಕಾದದ್ದು ಕಾರಿನ ಡಿಕ್ಕಿಯಲ್ಲಿ ಬಂತು, ದುಪ್ಪಟ್ಟು ಬೆಲೆಗೆ ಬಂತು.

ರಾಜ್ಯದ ಬೇರೆ ಅಂಚುಗಳಲ್ಲೂ ಇದೇ ಪಾಡು. ಮಹಾರಾಷ್ಟ್ರ, ತಮಿಳುನಾಡು, ಒರಿಸ್ಸಾ ಎಲ್ಲವೂ ತೆರೆದಿದ್ದವು. ಗೋದಾವರಿಯ ಬಾಯಲ್ಲಿರುವ ಯಾನಂ ಎಂಬ ಪುದುಚೇರಿಯ ತುಂಡು ನೆಲ ಆಂಧ್ರದ ಹೊಟ್ಟೆಯೊಳಗೇ ತೆರೆದ ಅಂಗಡಿಯಂತಿತ್ತು. ಒಳಗೆ ಬೆಲ್ಲ ಹುಳಿಸಿ ಇಳಿಸುವ ಕಳ್ಳಭಟ್ಟಿ ಹೊತ್ತಿಕೊಂಡಿತು. ಹಿಂದೆ ಹರಾಜಿಗೆ ಕಾವಲು ನಿಂತಿದ್ದ ಅಬಕಾರಿಯವರು ಈಗ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಬೇಕಾಯಿತು.

ಇಷ್ಟಾದರೂ ಹಳ್ಳಿಯ ಹೆಂಗಸರು ಆ ದಿನಗಳನ್ನು ಕೆಟ್ಟ ದಿನಗಳೆಂದು ಎಣಿಸಲಿಲ್ಲ. ಸಂಜೆಯ ಬಟವಾಡೆ ಮನೆಯ ತನಕ ಬಂದರೆ ಅದೇ ಅವರಿಗೆ ದೊಡ್ಡ ಹಬ್ಬ. ಬೊಕ್ಕಸದ ಲೆಕ್ಕದಲ್ಲಿ ನಷ್ಟ ಎಂದು ಬರೆದ ಹಣದಲ್ಲಿ ಒಂದಷ್ಟು ಈ ಮನೆಗಳಲ್ಲೇ ಉಳಿದಿತ್ತು ಎಂಬುದನ್ನು ಯಾವ ಬಜೆಟ್ಟೂ ಬರೆಯಲಿಲ್ಲ.

ಗದ್ದುಗೆ ಹೋಯಿತು, ನಿಷೇಧವೂ ಹೋಯಿತು

ರಾಮರಾವ್ ಅವರ ಮೊದಲ ಹೆಂಡತಿ ಬಸವತಾರಕಂ 1985ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 1993ರಲ್ಲಿ ಲಕ್ಷ್ಮೀಪಾರ್ವತಿ ಅವರನ್ನು ಮದುವೆಯಾದರು. ಪಕ್ಷದಲ್ಲಿ, ಮನೆಯಲ್ಲಿ ಇದು ಬಿರುಕಾಯಿತು. 1995ರ ಆಗಸ್ಟ್‌ನಲ್ಲಿ ಹೆಚ್ಚಿನ ಶಾಸಕರು ಅಳಿಯ ಚಂದ್ರಬಾಬು ನಾಯ್ಡು ಜೊತೆ ವೈಸ್‌ರಾಯ್ ಹೋಟೆಲಿನಲ್ಲಿ ಸೇರಿದರು. ಹೋಟೆಲಿನ ಮುಂದೆ ಹೋದ ರಾಮರಾವ್ ಕಡೆಗೆ ಚಪ್ಪಲಿಗಳು ತೂರಿಬಂದವು. ಸೆಪ್ಟೆಂಬರ್ 1ರಂದು ನಾಯ್ಡು ಮುಖ್ಯಮಂತ್ರಿಯಾದರು. ಒಂದು ಕಾಲಕ್ಕೆ ಶಾಸಕರನ್ನು ನಂದಿಬೆಟ್ಟದಲ್ಲಿಟ್ಟು ಕುರ್ಚಿ ಗೆದ್ದವರು, ಶಾಸಕರನ್ನು ಹೋಟೆಲಿನಲ್ಲಿಟ್ಟವರ ಎದುರು ಕುರ್ಚಿ ಕಳೆದುಕೊಂಡರು.

ಆದರೂ ಹಿಂದೂಪುರದ ಶಾಸಕ ಸ್ಥಾನ ಅವರದೇ ಆಗಿತ್ತು. 1996ರ ಜನವರಿ 18ರ ಮುಂಜಾನೆ ಹೈದರಾಬಾದಿನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. 72 ವರ್ಷ. ತಾವು ತಂದ ನಿಷೇಧಕ್ಕೆ ಒಂದು ವರ್ಷ ತುಂಬಿ ಎರಡೇ ದಿನ ಕಳೆದಿತ್ತು. ಖಾಲಿಯಾದ ಹಿಂದೂಪುರಕ್ಕೆ ಅದೇ ವರ್ಷ ಮಗ ಹರಿಕೃಷ್ಣ ಶಾಸಕರಾಗಿ ಬಂದರು.

ಹೊಸ ಸರ್ಕಾರದ ಮುಂದೆ ಖಾಲಿ ಬೊಕ್ಕಸ. 1996ರಲ್ಲಿ ಎರಡು ರೂಪಾಯಿ ಅಕ್ಕಿ ಮೂರೂವರೆ ರೂಪಾಯಿ ಆಯಿತು. 1997ರ ಏಪ್ರಿಲ್‌ನಿಂದ ಬ್ರಾಂದಿ ಅಂಗಡಿಗಳು ತೆರೆದವು. ಸಾರಾಯಿಯ ಮೇಲಿನ ನಿಷೇಧವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ದೂಬಗುಂಟದವರು ಗೆದ್ದದ್ದು ಉಳಿಯಿತು, ರಾಮರಾವ್ ಸೇರಿಸಿದ್ದು ಹೋಯಿತು. ಹರಿಯಾಣದಲ್ಲೂ ಹೀಗೆಯೇ ಆಯಿತು. ಬನ್ಸಿಲಾಲ್ 1996ರ ಜುಲೈನಲ್ಲಿ ತಂದ ನಿಷೇಧ 1998ರ ಏಪ್ರಿಲ್‌ಗೆ ಮುಗಿಯಿತು. ಗುಜರಾತ್ 1960ರಿಂದಲೂ, ಬಿಹಾರ 2016ರಿಂದಲೂ ಹಿಡಿದುಕೊಂಡಿವೆ. ಆಂಧ್ರದಲ್ಲಿ 2019ರಲ್ಲಿ ಹಂತಹಂತವಾಗಿ ನಿಷೇಧ ಎಂಬ ಮಾತು ಮತ್ತೆ ಬಂತು, ಸರ್ಕಾರವೇ ಅಂಗಡಿ ನಡೆಸಿತು, 2024ರ ಅಕ್ಟೋಬರ್‌ನಲ್ಲಿ ಅಂಗಡಿಗಳು ಮತ್ತೆ ಖಾಸಗಿಯವರ ಕೈಗೆ ಹೋದವು.

ಮಾಲೆ ಹಾಕಿದವನ ಲೆಕ್ಕ

ಹಾಗಾದರೆ ಆ ಎರಡು ವರ್ಷದ ರಜೆ ವ್ಯರ್ಥವೇ? ಗಡಿ ಸೀಮೆಯ ಜನಕ್ಕೆ ಇದರ ಉತ್ತರ ಬೇರೆ ಕಡೆಯಿಂದ ಗೊತ್ತು. ಪ್ರತಿ ವರ್ಷ ಕಾರ್ತಿಕ ಬಂದರೆ ಎಷ್ಟೋ ಮಂದಿ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಹನಿ ಮುಟ್ಟುವುದಿಲ್ಲ. ಪಕ್ಕದಲ್ಲೇ ಅಂಗಡಿ ತೆರೆದಿದ್ದರೂ ಅತ್ತ ತಿರುಗುವುದಿಲ್ಲ. ಶ್ರಾವಣದಲ್ಲಿ ಬಿಡುವವರೂ ಇದ್ದಾರೆ. ಅದನ್ನು ಯಾವ ಪೊಲೀಸೂ ಕಾಯುವುದಿಲ್ಲ. ಕಾಯುವುದು ಅವನ ಮಾತು, ಜೊತೆಗೆ ಮಾಲೆ ಹಾಕಿದ ನಾಲ್ಕು ಮಂದಿ ಸ್ವಾಮಿಗಳ ಕಣ್ಣು. ಮಾಲೆ ತೆಗೆದ ರಾತ್ರಿಯೇ ಮತ್ತೆ ಅಂಗಡಿಗೆ ಹೋಗುವವರು ಇದ್ದಾರೆ. 41 ದಿನ ಆಯಿತಲ್ಲ, 42ನೇ ದಿನವೂ ನೋಡೋಣ ಎಂದು ಹಾಗೆಯೇ ಬಿಟ್ಟವರೂ ಇದ್ದಾರೆ.

ರಾಮರಾವ್ ಅವರ ನಿಷೇಧದಲ್ಲಿ ಬೀಗ ಇತ್ತು, ವ್ರತ ಇರಲಿಲ್ಲ. ದೂಬಗುಂಟದ ಹೆಂಗಸರಲ್ಲಿ ವ್ರತ ಇತ್ತು, ಬೀಗ ಇರಲಿಲ್ಲ. ಎರಡೂ ಒಟ್ಟಿಗೆ ಇದ್ದ ಹಳ್ಳಿಗಳಲ್ಲಿ, ಅಂದರೆ ಹೆಂಗಸರ ಸಂಘವೇ ಕಾವಲು ನಿಂತ ಕಡೆ, ಕಾನೂನು ನಡೆಯಿತು. ಕಾನೂನು ಒಂದನ್ನೇ ನಂಬಿದ ಕಡೆ ಕಳ್ಳಭಟ್ಟಿ ನಡೆಯಿತು.

ಆ ಕಾಲದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿ ಚಿಕಿತ್ಸೆ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲೇ ಕೈ ನಡುಕ, ಬೆವರು, ನಿದ್ದೆಗೇಡು ಬರುತ್ತದೆ. ಕೆಲವರಿಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ಇದು ಹಟದ ಮಾತಲ್ಲ, ಕಾಯಿಲೆಯ ಮಾತು. ಅಂಥವರು ಬಿಡುವ ಮೊದಲು ಡಾಕ್ಟರನ್ನು ಕಾಣಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬಹುದು, ಹಿಂದೂಪುರದಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವುದಕ್ಕೆಂದೇ ವಿಭಾಗವಿದೆ. ಸ್ವಲ್ಪ ಸ್ವಲ್ಪ ಕುಡಿಯುವವರಿಗೆ ಒಂದು ತಿಂಗಳ ರಜೆ ಸುಲಭ. ಆ ತಿಂಗಳಲ್ಲಿ ಉಳಿದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕಿಟ್ಟು ಎಣಿಸಿ ನೋಡಿದರೆ ಯಾವ ಭಾಷಣವೂ ಬೇಕಿಲ್ಲ.

ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. 2014ರಿಂದ ಸತತ ಮೂರು ಬಾರಿ ಹಿಂದೂಪುರ ಗೆಲ್ಲಿಸಿದ್ದು ಎನ್‌ಟಿಆರ್ ಅವರ ಇನ್ನೊಬ್ಬ ಮಗ ಬಾಲಕೃಷ್ಣ ಅವರನ್ನು. ಅನ್ನಗಾರು ಹಾಕಿಸಿದ ಬೀಗ ಉಳಿಯಲಿಲ್ಲ. ಆದರೆ ಆ ಎರಡು ವರ್ಷದಲ್ಲಿ ಬಟವಾಡೆಯ ದುಡ್ಡು ಕೈಗೆ ಬಂದ ಹೆಂಗಸರಿಗೆ, ಹೀಗೂ ಸಂಸಾರ ನಡೆಯುತ್ತದೆ ಎಂಬುದು ಗೊತ್ತಾಯಿತು. ಗೊತ್ತಾದದ್ದನ್ನು ವಾಪಸು ಪಡೆಯುವ ಕಾನೂನು ಇನ್ನೂ ಬಂದಿಲ್ಲ.